ಟ್ರ್ಯಾಕ್ಟರ್ ಎಂಜಿನ್ನಿಗೆ ಬೇರೆ ಮಾದರಿಯ ಬಿಡಿಭಾಗ: ಯಾವುದು ಹೊಂದುತ್ತದೆ, ಯಾವುದು ಹೊಂದದು?

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರಿಗೆ ವರ್ಷವಿಡೀ ಕೆಲಸವುಂಟು. ಮುಂಗಾರಿಗೆ ಮುಂಚಿನ ಉಳುಮೆ, ರಾಗಿ ಮತ್ತು ಕಡಲೆಕಾಯಿ ಬಿತ್ತನೆಗೆ ಹೊಲ ಹಸನು ಮಾಡುವುದು, ಟೊಮೇಟೊ ನಾಟಿಗೆ ಮುಂಚೆ ರೋಟೋವೇಟರ್ ಹೊಡೆಯುವುದು, ಮಾವಿನ ತೋಪಿನ ಸಾಲುಗಳ ನಡುವೆ ಉಳುವುದು, ಫಸಲನ್ನು ಮಂಡಿಗೆ ಸಾಗಿಸುವುದು, ಗೊಬ್ಬರ, ಇಟ್ಟಿಗೆ, ಹೆಂಚು, ನೀರಿನ ಟ್ಯಾಂಕರ್ ಎಳೆಯುವುದು - ಹೀಗೆ ಒಂದಲ್ಲ ಒಂದು ದುಡಿಮೆ ಇದ್ದೇ ಇರುತ್ತದೆ. ಇಷ್ಟು ದುಡಿಯುವ ಎಂಜಿನ್ ಒಂದು ದಿನ ಹೊಗೆ ಉಗುಳಲು ಅಥವಾ ಕೀಲೆಣ್ಣೆ ಕುಡಿಯಲು ತೊಡಗುವುದು ಸಹಜ. ಆಗ ರಿಪೇರಿಗೆ ಬಿಚ್ಚಲೇಬೇಕು.

ತೊಂದರೆ ಆರಂಭವಾಗುವುದು ಇಲ್ಲಿಂದಲೇ. ಬೇಕಾದ ಭಾಗ ಸಿಗುವುದಿಲ್ಲ, ಅಥವಾ ಸಿಕ್ಕರೂ ಬೆಲೆ ಹೆಚ್ಚು. "ಇದೇ ಕಂಪನಿಯ ಬೇರೆ ವರ್ಷದ ಗಾಡಿಯದು ಇದೆ, ಹಾಕಿದರೆ ಕೂಡುತ್ತದೆ" ಎಂದು ಯಾರೋ ಹೇಳುತ್ತಾರೆ. ಹೊರಗೆ ಮಳೆ ಬಿದ್ದು ನೆಲ ಹದಕ್ಕೆ ಬಂದಿದೆ. ರೈತನಿಗೆ ಕಾಯಲು ಸಮಯವಿಲ್ಲ, ಒಪ್ಪಿಬಿಡುತ್ತಾನೆ. ಇಂತಹ ಬದಲಾವಣೆ ಕೆಲವು ಸಲ ಪೂರ್ಣವಾಗಿ ಸರಿಹೋಗಿ ಹಣ ಉಳಿಸುತ್ತದೆ. ಮತ್ತೆ ಕೆಲವು ಸಲ ಹತ್ತು ದಿನಗಳೊಳಗೆ ಪಿಸ್ಟನ್ ತೂತಾಗಿ, ಕನೆಕ್ಟಿಂಗ್ ರಾಡ್ ಬಾಗಿ, ಬ್ಲಾಕ್ ಸಮೇತ ಎಂಜಿನ್ ಹಾಳಾಗುತ್ತದೆ. ಇವೆರಡರ ವ್ಯತ್ಯಾಸವನ್ನು ಮೊದಲೇ ತಿಳಿಯಲು ಸಾಧ್ಯವೇ? ಖಂಡಿತ ಸಾಧ್ಯ. ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬದಲಿ ಭಾಗದ ಪ್ರಸಂಗ ಏಕೆ ಬರುತ್ತದೆ?

ಟ್ರ್ಯಾಕ್ಟರಿನ ಆಯುಷ್ಯ ದೊಡ್ಡದು. ಚೆನ್ನಾಗಿ ನೋಡಿಕೊಂಡರೆ 20-30 ವರ್ಷ ದುಡಿಯುತ್ತದೆ. ಆದರೆ ಅಷ್ಟು ಕಾಲದಲ್ಲಿ ತಯಾರಕರು ಅದೇ ಮಾದರಿಯನ್ನು ಹಲವು ಸಲ ತಿದ್ದಿರುತ್ತಾರೆ. ಕೆಲವು ಮಾದರಿಗಳು ನಿಂತೇ ಹೋಗಿರುತ್ತವೆ. ಉದಾಹರಣೆಗೆ ಎಚ್.ಎಂ.ಟಿ. ಸಂಸ್ಥೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಟರ್ ವಿನ್ಯಾಸದ ಟ್ರ್ಯಾಕ್ಟರುಗಳನ್ನು ತಯಾರಿಸಲು ಆರಂಭಿಸಿತು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಇಂತಹ ಗಾಡಿ ಇಟ್ಟುಕೊಂಡವರು ಬಿಡಿಭಾಗಕ್ಕೆ ಹಳೆಯ ದಾಸ್ತಾನು ಅಥವಾ ಗುಜರಿ ಅಂಗಡಿಯನ್ನೇ ಅವಲಂಬಿಸಬೇಕಾಗುತ್ತದೆ.

ಇನ್ನೊಂದು ಕಾರಣ ಹೊಗೆ ನಿಯಂತ್ರಣದ ನಿಯಮಗಳು. ಟ್ರ್ಯಾಕ್ಟರ್ ಎಂಜಿನ್ನುಗಳ ಹೊಗೆಗೆ ಸರ್ಕಾರ ಗೊತ್ತುಮಾಡಿದ ಮಿತಿಗಳು ಹಂತ ಹಂತವಾಗಿ ಬಿಗಿಯಾಗಿವೆ. 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ "ಟ್ರೆಮ್ 4" ಎಂಬ ಹಂತ ಜಾರಿಗೆ ಬಂದಿದೆ. ಪ್ರತಿ ಹಂತಕ್ಕೂ ತಯಾರಕರು ನಾಜಲ್, ಇಂಜೆಕ್ಷನ್ ಪಂಪು, ಪಿಸ್ಟನ್ ತಲೆಯ ಗುಳಿ ಇವುಗಳನ್ನು ಮಾರ್ಪಡಿಸುತ್ತಾರೆ. ಆದುದರಿಂದ ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಟ್ರ್ಯಾಕ್ಟರುಗಳ ಎಂಜಿನ್ನಿನ ಒಳಗು ಬೇರೆ ಬೇರೆಯಾಗಿರಬಹುದು.

ಹೆಸರು ಒಂದೇ ಆದರೆ ಸಾಲದು

ನಮ್ಮ ರೈತರಿಗೆ ಪರಿಚಿತವಾದ ಕೆಲವು ಎಂಜಿನ್ನುಗಳನ್ನೇ ನೋಡೋಣ.

ಮಹೀಂದ್ರ ಮತ್ತು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸೇರಿ 1963ರಲ್ಲಿ ಸ್ಥಾಪಿಸಿದ ಕಂಪನಿ "ಬಿ-275" ಎಂಬ ಟ್ರ್ಯಾಕ್ಟರನ್ನು ನಮ್ಮ ದೇಶದಲ್ಲಿ ತಯಾರಿಸಿತು. ಅದರ ಎಂಜಿನ್ನಿಗೆ 4 ಸಿಲಿಂಡರ್. ಮುಂದೆ ಬಂದ ಮಹೀಂದ್ರ "275 ಡಿ.ಐ." ಟ್ರ್ಯಾಕ್ಟರಿಗೆ 3 ಸಿಲಿಂಡರ್, 2048 ಘನ ಸೆಂ.ಮೀ. ಎರಡರಲ್ಲೂ "275" ಎಂಬ ಅಂಕಿ ಇದೆ. ಆದರೆ ಒಂದರ ಹೆಡ್, ಕ್ರ್ಯಾಂಕ್ ಶಾಫ್ಟ್, ಪಂಪು ಇನ್ನೊಂದಕ್ಕೆ ಬರುವ ಮಾತೇ ಇಲ್ಲ. ಅಂಗಡಿಗೆ ಹೋಗಿ "275ಕ್ಕೆ ಗ್ಯಾಸ್ಕೆಟ್ ಸೆಟ್ ಕೊಡಿ" ಎಂದರೆ ತಪ್ಪು ಸಾಮಾನು ಕೈಗೆ ಬರುವ ಸಂಭವವುಂಟು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. "275 ಡಿ.ಐ." ಮತ್ತು "475 ಡಿ.ಐ." ಹೆಸರುಗಳು ಬೇರೆ. ಎರಡನೆಯದಕ್ಕೆ 4 ಸಿಲಿಂಡರ್, 2730 ಘನ ಸೆಂ.ಮೀ. ಈಗ ಸ್ವಲ್ಪ ಲೆಕ್ಕ ಮಾಡಿ. 2048ನ್ನು 3ರಿಂದ ಭಾಗಿಸಿದರೆ ಸುಮಾರು 683. 2730ನ್ನು 4ರಿಂದ ಭಾಗಿಸಿದರೂ ಸುಮಾರು 683. ಅಂದರೆ ಎರಡೂ ಒಂದೇ ಗಾತ್ರದ ಸಿಲಿಂಡರುಗಳುಳ್ಳ ಒಂದೇ ಕುಟುಂಬದ ಎಂಜಿನ್ನುಗಳು. ಇಂತಹ ಕಡೆ ಸಿಲಿಂಡರಿಗೆ ಸಂಬಂಧಿಸಿದ ಭಾಗಗಳು ಹೊಂದುವ ಸಾಧ್ಯತೆ ಇದೆ, ವಿಚಾರಿಸಿ ನೋಡಬಹುದು. ಕ್ರ್ಯಾಂಕ್ ಶಾಫ್ಟ್, ಕ್ಯಾಮ್ ಶಾಫ್ಟ್, ಇಂಜೆಕ್ಷನ್ ಪಂಪುಗಳು ಮಾತ್ರ ಹೊಂದುವುದಿಲ್ಲ.

ಅದೇ ಸರಣಿಯ ಈಚಿನ "ಎಕ್ಸ್.ಪಿ. ಪ್ಲಸ್" ಮಾದರಿಗಳನ್ನು ನೋಡಿ. 275ಕ್ಕೆ 2235, 475ಕ್ಕೆ 2979 ಘನ ಸೆಂ.ಮೀ. ಭಾಗಿಸಿದರೆ ಪ್ರತಿ ಸಿಲಿಂಡರಿಗೆ ಸುಮಾರು 745. ಇವನ್ನು ಕಂಪನಿಯೇ "ಎಕ್ಸ್‌ಟ್ರಾ ಲಾಂಗ್ ಸ್ಟ್ರೋಕ್" ಎಂಜಿನ್ ಎಂದು ಕರೆದಿದೆ. ಅಂದರೆ ಪಿಸ್ಟನ್ ಚಲಿಸುವ ದೂರವನ್ನು ಹೆಚ್ಚಿಸಲಾಗಿದೆ. ಹೆಸರಿನ ಅಂಕಿ ಅದೇ ಇದ್ದರೂ ಹಳೆಯ 275 ಡಿ.ಐ. ಪಿಸ್ಟನ್ನನ್ನು ಇದಕ್ಕೆ ತಂದು ಹಾಕತಕ್ಕದ್ದಲ್ಲ.

ಇನ್ನು ಪರ್ಕಿನ್ಸ್ ಮೂಲದ ಎಂಜಿನ್ನುಗಳು. ಈ ವಿನ್ಯಾಸದ ಎಂಜಿನ್ನುಗಳನ್ನು ಚೆನ್ನೈನ ಸಿಂಪ್ಸನ್ ಕಂಪನಿ ಬಹುಕಾಲದಿಂದ ತಯಾರಿಸುತ್ತಿದ್ದು, ಟಾಫೆ ಕಂಪನಿಯ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳಲ್ಲಿ ಇವು ಬಂದಿವೆ. ಪರ್ಕಿನ್ಸಿನ ಹಳೆಯ 3 ಸಿಲಿಂಡರ್ "ಪಿ-3" ಎಂಜಿನ್ನಿನ ಬೋರ್ 3.5 ಅಂಗುಲ (88.9 ಮಿ.ಮೀ.), ಸ್ಟ್ರೋಕ್ 5 ಅಂಗುಲ (127 ಮಿ.ಮೀ.), ಒಟ್ಟು 144 ಘನ ಅಂಗುಲ. ಅದರ ನಂತರದ "3.152" ಎಂಜಿನ್ನಿನ ಸ್ಟ್ರೋಕ್ ಅಷ್ಟೇ ಇದೆ, ಬೋರ್ ಮಾತ್ರ 3.6 ಅಂಗುಲ (91.44 ಮಿ.ಮೀ.). ಹೊರಗಿನಿಂದ ನೋಡಿದರೆ ಅಣ್ಣ-ತಮ್ಮಂದಿರಂತೆ ಕಾಣುವ ಇವುಗಳ ಬೋರಿನಲ್ಲಿ ಎರಡೂವರೆ ಮಿ.ಮೀ. ವ್ಯತ್ಯಾಸವಿದೆ.

ಇನ್ನೊಂದು ವಿಚಿತ್ರ ನೋಡಿ. ಮೇಲೆ ಹೇಳಿದ ಬಿ-275 ಎಂಜಿನ್ನಿನ ಗಾತ್ರವೂ 144 ಘನ ಅಂಗುಲವೇ. ಆದರೆ ಅದು 4 ಸಿಲಿಂಡರಿನದು, ಪಿ-3 ಎಂಜಿನ್ 3 ಸಿಲಿಂಡರಿನದು. ಒಟ್ಟು ಗಾತ್ರ ಒಂದೇ ಎಂಬ ಕಾರಣದಿಂದ ಒಂದು ವಾಷರ್ ಕೂಡ ಹೊಂದಬೇಕೆಂದಿಲ್ಲ. ಆದುದರಿಂದ ಹೆಸರು, ಅಶ್ವಶಕ್ತಿ, ಒಟ್ಟು ಗಾತ್ರ - ಈ ಮೂರರಲ್ಲಿ ಯಾವುದನ್ನೂ ನಂಬಿ ಬಿಡಿಭಾಗ ಕೊಳ್ಳಬಾರದು.

ಕೂಡುವುದು ಬೇರೆ, ಹೊಂದುವುದು ಬೇರೆ

ಒಂದು ಪಿಸ್ಟನ್ ಲೈನರಿನೊಳಗೆ ಸಲೀಸಾಗಿ ಇಳಿದರೆ ಅದು "ಕೂಡಿತು" ಎಂದು ಹೇಳುವುದು ವಾಡಿಕೆ. ಆದರೆ ಪಿಸ್ಟನ್ನಿಗೆ ಬೋರ್ ಅಲ್ಲದೆ ಇನ್ನೂ ಹಲವು ಅಳತೆಗಳಿವೆ. ಪಿನ್ನಿನ ದಪ್ಪ, ರಿಂಗುಗಳ ಸಂಖ್ಯೆ ಮತ್ತು ಅಗಲ, ತಲೆಯ ಮೇಲಿನ ಗುಳಿಯ ಆಕಾರ, ತೂಕ, ಇವೆಲ್ಲಕ್ಕಿಂತ ಮುಖ್ಯವಾಗಿ ಪಿನ್ನಿನ ಮಧ್ಯದಿಂದ ತಲೆಯವರೆಗಿನ ಎತ್ತರ. ಈ ಎತ್ತರ ತಪ್ಪಿದರೆ ಏನಾಗುತ್ತದೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ.

ಒಂದು ಎಂಜಿನ್ನಿನ ಬೋರ್ 9 ಸೆಂ.ಮೀ., ಸ್ಟ್ರೋಕ್ 11 ಸೆಂ.ಮೀ. ಎಂದು ಇಟ್ಟುಕೊಳ್ಳಿ. ಒಂದು ಸಿಲಿಂಡರಿನ ಗಾತ್ರ ಸುಮಾರು 700 ಘನ ಸೆಂ.ಮೀ. ಆಗುತ್ತದೆ. ಅದರ ಸಂಪೀಡನ ಪ್ರಮಾಣ, ಅಂದರೆ ಕಂಪ್ರೆಷನ್, 17ಕ್ಕೆ 1 ಎಂದಾದರೆ, ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಸುಮಾರು 44 ಘನ ಸೆಂ.ಮೀ. ಮಾತ್ರ. 700 ಘನ ಸೆಂ.ಮೀ. ಗಾಳಿಯನ್ನು ಈ ಚಿಕ್ಕ ಜಾಗಕ್ಕೆ ಒತ್ತುವುದರಿಂದಲೇ ಅದು ಕಾದು ಡೀಸೆಲ್ ಹತ್ತಿಕೊಳ್ಳುತ್ತದೆ.

ಈಗ ಇದಕ್ಕೆ ಅರ್ಧ ಮಿ.ಮೀ. ಹೆಚ್ಚು ದಪ್ಪದ ಹೆಡ್ ಗ್ಯಾಸ್ಕೆಟ್ ಹಾಕಿದೆವೆನ್ನಿ. ಮೇಲಿನ ಜಾಗ ಸುಮಾರು 3 ಘನ ಸೆಂ.ಮೀ. ಹೆಚ್ಚುತ್ತದೆ. ಕಂಪ್ರೆಷನ್ 17ರಿಂದ 16ಕ್ಕೂ ಕೆಳಗೆ ಇಳಿಯುತ್ತದೆ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಲು ಮೊಂಡುತನ, ಬಿಳಿ ಹೊಗೆ, ಹೆಚ್ಚು ಡೀಸೆಲ್ ಖರ್ಚು - ಇವು ಅದರ ಫಲ. ಬರೀ ಅರ್ಧ ಮಿ.ಮೀ. ವ್ಯತ್ಯಾಸಕ್ಕೆ ಇಷ್ಟು!

ಸ್ಟ್ರೋಕ್ 10 ಮಿ.ಮೀ. ಹೆಚ್ಚಿರುವ ಹೊಸ ಮಾದರಿಯಲ್ಲಿ ಪಿಸ್ಟನ್ 5 ಮಿ.ಮೀ. ಮೇಲಕ್ಕೂ 5 ಮಿ.ಮೀ. ಕೆಳಕ್ಕೂ ಹೆಚ್ಚಾಗಿ ಚಲಿಸುತ್ತದೆ. ಬ್ಲಾಕಿನ ಎತ್ತರವನ್ನು ಬದಲಿಸದಿದ್ದರೆ, ಇದನ್ನು ಸರಿದೂಗಿಸಲು ತಯಾರಕರು ಪಿಸ್ಟನ್ನಿನ ಎತ್ತರವನ್ನೋ ಕನೆಕ್ಟಿಂಗ್ ರಾಡಿನ ಉದ್ದವನ್ನೋ ಕಡಿಮೆ ಮಾಡಬೇಕಾಗುತ್ತದೆ. ಆ 5 ಮಿ.ಮೀ. ಅನ್ನು ಪಿಸ್ಟನ್ನಿನಲ್ಲೇ ಕಡಿಮೆ ಮಾಡಿದ್ದರೆ, ಹಳೆಯ ಎತ್ತರದ ಪಿಸ್ಟನ್ ಹೊಸ ಎಂಜಿನ್ನಿನಲ್ಲಿ ಹೆಡ್ಡಿಗೆ ಹೊಡೆಯುತ್ತದೆ. ಹೊಸ ಗಿಡ್ಡ ಪಿಸ್ಟನ್ನನ್ನು ಹಳೆಯ ಎಂಜಿನ್ನಿಗೆ ಹಾಕಿದರೆ ಅದು 5 ಮಿ.ಮೀ. ಕೆಳಗೇ ನಿಲ್ಲುತ್ತದೆ, ಕಂಪ್ರೆಷನ್ ಸುಮಾರು 10ಕ್ಕೆ ಕುಸಿಯುತ್ತದೆ. ಆ ಎಂಜಿನ್ ಎಷ್ಟು ಎಳೆದರೂ, ಎಷ್ಟು ತಳ್ಳಿದರೂ ಹತ್ತುವುದಿಲ್ಲ. ಎರಡು ಸಂದರ್ಭಗಳಲ್ಲೂ ಪಿಸ್ಟನ್ ಲೈನರಿನೊಳಗೆ ಚೆನ್ನಾಗಿಯೇ "ಕೂಡಿತ್ತು" ಎಂಬುದನ್ನು ಗಮನಿಸಿ.

ಡೀಸೆಲ್ ಚಿಮ್ಮಿಸುವ ಭಾಗಗಳು

ಅತಿ ಹೆಚ್ಚು ಹಾನಿಯಾಗುವುದು ನಾಜಲ್ ಮತ್ತು ಇಂಜೆಕ್ಷನ್ ಪಂಪುಗಳ ಅದಲು ಬದಲಿನಿಂದ. ಡೀಸೆಲ್ ಎಂಜಿನ್ನುಗಳಲ್ಲಿ ಎರಡು ಬಗೆ. ಹಳೆಯ ಹಲವು ಎಂಜಿನ್ನುಗಳಲ್ಲಿ ಡೀಸೆಲ್ ಹೆಡ್ಡಿನಲ್ಲಿರುವ ಒಂದು ಚಿಕ್ಕ ಕೋಣೆಯೊಳಕ್ಕೆ ಚಿಮ್ಮಿ ಅಲ್ಲಿ ಹತ್ತಿಕೊಂಡು ಸಿಲಿಂಡರಿಗೆ ಬರುತ್ತದೆ. ಇವಕ್ಕೆ ಸಾಮಾನ್ಯವಾಗಿ ಹೀಟರ್ ಪ್ಲಗ್ ಇರುತ್ತದೆ. ಇನ್ನೊಂದು ಬಗೆಯಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಗುಳಿಯೊಳಕ್ಕೆ ಚಿಮ್ಮುತ್ತದೆ. ಹೆಸರಿನ ಮುಂದಿರುವ "ಡಿ.ಐ." ಎಂಬ ಅಕ್ಷರಗಳು ಸೂಚಿಸುವುದು ಇದನ್ನೇ.

ಮೊದಲನೆಯ ಬಗೆಗೆ ಒಂದೇ ತೂತಿನ, ಕಡಿಮೆ ಒತ್ತಡಕ್ಕೆ ತೆರೆದುಕೊಳ್ಳುವ ಪಿಂಟಲ್ ನಾಜಲ್ ಬೇಕು. ಎರಡನೆಯದಕ್ಕೆ ಹಲವು ಸಣ್ಣ ತೂತುಗಳ, ಹೆಚ್ಚು ಒತ್ತಡಕ್ಕೆ ತೆರೆಯುವ ನಾಜಲ್ ಬೇಕು. ಹೊರಗಿನ ಹೋಲ್ಡರ್ ಹೊಂದುವಂತೆ ಕಂಡರೂ ಒಂದರ ಬದಲು ಇನ್ನೊಂದನ್ನು ಹಾಕಿದರೆ ಡೀಸೆಲ್ ಮಂಜಿನಂತೆ ಹರಡದೆ ಧಾರೆಯಾಗಿ ಒಂದೇ ಕಡೆ ಬೀಳುತ್ತದೆ. ಕಪ್ಪು ಹೊಗೆ ಬಂದು, ಪಿಸ್ಟನ್ನಿನ ತಲೆ ಸುಟ್ಟು ತೂತಾಗುತ್ತದೆ.

ನಾಜಲ್ಲಿನ ಮೇಲೆ ಕೆತ್ತಿರುವ ಗುರುತನ್ನು ಓದಲು ಕಲಿಯಿರಿ. ಬಾಷ್ ಪದ್ಧತಿಯ ನಾಜಲ್ಲುಗಳಲ್ಲಿ - ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ, 2008ರಿಂದ ಬಾಷ್ ಲಿಮಿಟೆಡ್ ಎಂಬ ಹೆಸರಿನದು, ಇವನ್ನು ಬಹುಕಾಲ ತಯಾರಿಸಿದೆ - "ಡಿ.ಎಲ್.ಎಲ್.ಎ." ಎಂಬ ಗುರುತಿದ್ದರೆ ಅದು ಹಲವು ತೂತುಗಳ ಉದ್ದ ಮೂತಿಯ ಬಗೆ. ಅದರ ಮುಂದಿನ ಅಂಕಿ ಡೀಸೆಲ್ ಹರಡುವ ಕೋನ. "ಡಿ.ಎಲ್.ಎಲ್.ಎ. 150" ಎಂದರೆ 150 ಡಿಗ್ರಿ. "ಡಿ.ಎನ್." ಎಂದು ಆರಂಭವಾದರೆ ಅದು ಪಿಂಟಲ್ ಬಗೆ. ಹೊಸ ನಾಜಲ್ ಕೊಳ್ಳುವಾಗ ಹಳೆಯದರ ಗುರುತನ್ನು ಅಕ್ಷರ ಅಂಕಿ ಸಮೇತ ಬರೆದುಕೊಂಡು ಹೋಗುವುದು ಲೇಸು. ಆದರೆ ಹಿಂದೆ ಯಾರೋ ತಪ್ಪು ನಾಜಲ್ ಹಾಕಿರಲೂಬಹುದಾದ್ದರಿಂದ ಕೈಪಿಡಿಯೊಡನೆ ಒಮ್ಮೆ ಹೋಲಿಸಿ ನೋಡಿ.

ಇಂಜೆಕ್ಷನ್ ಪಂಪು ಕೂಡ ಹೀಗೆಯೇ. ಒಳಗಿನ ಪ್ಲಂಜರಿನ ದಪ್ಪ, ಗವರ್ನರ್, ಚಿಮ್ಮುವ ಸಮಯ ಇವೆಲ್ಲ ಆಯಾ ಎಂಜಿನ್ನಿಗೆ ಗೊತ್ತುಮಾಡಿರುತ್ತವೆ. ಬೇರೆ ವರ್ಷದ ಗಾಡಿಯ ಪಂಪನ್ನು ಹಾಕಲೇಬೇಕಾದರೆ ಪರೀಕ್ಷಾ ಬೆಂಚು ಇರುವ ಡೀಸೆಲ್ ಪಂಪ್ ವರ್ಕ್‌ಶಾಪಿನಲ್ಲಿ ನಿಮ್ಮ ಎಂಜಿನ್ನಿನ ಅಳತೆಗೆ ಹೊಂದಿಸಿಕೊಂಡೇ ಹಾಕಿಸಬೇಕು. ಎಲೆಕ್ಟ್ರಾನಿಕ್ ನಿಯಂತ್ರಣದ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಇಂಜೆಕ್ಟರ್, ಪಂಪು ಹಾಗೂ ಕಂಟ್ರೋಲ್ ಪೆಟ್ಟಿಗೆ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಊರ ಶೆಡ್ಡಿನಲ್ಲಿ ಇವುಗಳ ಅದಲು ಬದಲು ಬೇಡವೇ ಬೇಡ.

ಅಂಗುಲವೋ, ಮಿಲಿಮೀಟರೋ?

ಇಂಗ್ಲೆಂಡ್ ಮತ್ತು ಅಮೆರಿಕದ ಮೂಲದ ಹಳೆಯ ಎಂಜಿನ್ನುಗಳ ಬೋಲ್ಟು ನಟ್ಟುಗಳು ಅಂಗುಲದ ಅಳತೆಯವು. ಐರೋಪ್ಯ ಮತ್ತು ಜಪಾನಿ ಮೂಲದವು, ಹಾಗೂ ಈಚಿನ ವಿನ್ಯಾಸಗಳು, ಮಿಲಿಮೀಟರ್ ಅಳತೆಯವು. ಕಣ್ಣಿಗೆ ಎರಡೂ ಒಂದೇ. ಉದಾಹರಣೆಗೆ ಐದು-ಹದಿನಾರನೇ ಅಂಗುಲದ ಬೋಲ್ಟು 7.94 ಮಿ.ಮೀ. ದಪ್ಪವಿರುತ್ತದೆ. 8 ಮಿ.ಮೀ. ಬೋಲ್ಟಿಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ. ಆದರೆ 8 ಮಿ.ಮೀ. ಬೋಲ್ಟಿನ ಮರೆಗಳ ನಡುವಣ ಅಂತರ ಸಾಮಾನ್ಯವಾಗಿ 1.25 ಮಿ.ಮೀ. ಅಂಗುಲದ ಒರಟು ಮರೆಯಲ್ಲಿ ಇದು 1.41 ಮಿ.ಮೀ., ನಯ ಮರೆಯಲ್ಲಿ 1.06 ಮಿ.ಮೀ. ಆದುದರಿಂದ ಬೋಲ್ಟು ಎರಡು ಮೂರು ಸುತ್ತು ಹೋಗಿ ಬಿಗಿಯಾಗುತ್ತದೆ. "ಟೈಟ್ ಆಯಿತು" ಎಂದು ಸ್ಪ್ಯಾನರಿಗೆ ಪೈಪು ಹಾಕಿ ತಿರುಗಿಸಿದರೆ ಬ್ಲಾಕಿನ ಮರೆಯೇ ಕಿತ್ತುಹೋಗುತ್ತದೆ. ಬೋಲ್ಟು ಕೈ ಬೆರಳಿನಲ್ಲೇ ಹಲವು ಸುತ್ತು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಅದು ಆ ತೂತಿನದಲ್ಲ.

ಬೇರಿಂಗುಗಳಲ್ಲಿಯೂ ಇದೇ ಮಾತು. ಕ್ರ್ಯಾಂಕ್ ಶಾಫ್ಟ್ ಅರೆಸಿದ ಮೇಲೆ ಮಿ.ಮೀ. ಅಳತೆಯಲ್ಲಿ 0.25, 0.50, 0.75 ಎಂದೂ, ಅಂಗುಲದಲ್ಲಿ 0.010, 0.020, 0.030 ಎಂದೂ ಅಂಡರ್‌ಸೈಜ್ ಬೇರಿಂಗುಗಳು ದೊರೆಯುತ್ತವೆ. ಈ ಎರಡು ಸಾಲುಗಳು ಹತ್ತಿರ ಹತ್ತಿರವಿದ್ದರೂ ಒಂದೇ ಅಲ್ಲ. ಶಾಫ್ಟನ್ನು ಯಾವ ಅಳತೆಗೆ ಅರೆಸಲಾಗಿದೆಯೋ ಅದೇ ಅಳತೆಯ ಬೇರಿಂಗನ್ನೇ ಹಾಕಬೇಕು. ಬೇರಿಂಗ್ ಕೈಗೆ ಬರುವ ಮೊದಲೇ ಶಾಫ್ಟ್ ಅರೆಸಬೇಡಿ.

ಭಾಗಗಳ ಮೂರು ಗುಂಪು

ನೆನಪಿಡಲು ಅನುಕೂಲವಾಗುವಂತೆ ಎಂಜಿನ್ನಿನ ಭಾಗಗಳನ್ನು ಮೂರು ಗುಂಪು ಮಾಡಬಹುದು.

ಅ) ಸಣ್ಣ ಪರೀಕ್ಷೆ ಮಾಡಿ ಬದಲಿಸಬಹುದಾದವು: ಸ್ಟಾರ್ಟರ್ ಮೋಟಾರ್ (ಹಲ್ಲುಗಳ ಸಂಖ್ಯೆ, ತಿರುಗುವ ದಿಕ್ಕು ನೋಡಿ), ಆಲ್ಟರ್ನೇಟರ್ (ವೋಲ್ಟೇಜ್, ಬೆಲ್ಟಿನ ನೇರ ನೋಡಿ), ಡೀಸೆಲ್ ಫೀಡ್ ಪಂಪು, ಸ್ಪಿನ್-ಆನ್ ಫಿಲ್ಟರ್ (ಮರೆ, ರಬ್ಬರ್ ರಿಂಗಿನ ಅಳತೆ, ಒಳಗಿನ ಬೈಪಾಸ್ ಕವಾಟ ನೋಡಿ), ಥರ್ಮೋಸ್ಟಾಟ್ (ತೆರೆಯುವ ಉಷ್ಣತೆ ನೋಡಿ), ರೇಡಿಯೇಟರ್ ಮುಚ್ಚಳ (ಒತ್ತಡದ ಅಂಕಿ ನೋಡಿ), ಹೋಸು, ಬೆಲ್ಟು, ಮೀಟರುಗಳು. ಇವು ತಪ್ಪಿದರೂ ಬೇಗ ಗೊತ್ತಾಗುತ್ತದೆ, ಹಾನಿ ಕಡಿಮೆ.

ಆ) ಜೊತೆಯಾಗಿ ಮಾತ್ರ ಬದಲಿಸಬೇಕಾದವು: ಪಿಸ್ಟನ್, ರಿಂಗು, ಪಿನ್ನು ಮತ್ತು ಲೈನರ್ ಒಂದು ಸೆಟ್ಟು. ಟೈಮಿಂಗ್ ಗೇರುಗಳು ಒಂದು ಸೆಟ್ಟು. ವಾಲ್ವು, ಗೈಡು, ಸ್ಪ್ರಿಂಗು ಒಂದು ಸೆಟ್ಟು. ಇಂಜೆಕ್ಷನ್ ಪಂಪಿನ ಪ್ಲಂಜರ್ ಮತ್ತು ಬ್ಯಾರಲ್ ಒಂದು ಜೋಡಿ. ನಾಜಲ್ಲಿನ ಸೂಜಿ ಮತ್ತು ದೇಹ ಒಂದು ಜೋಡಿ. ಒಂದರ ಸೂಜಿಯನ್ನು ಇನ್ನೊಂದರ ದೇಹಕ್ಕೆ ಎಂದೂ ಹಾಕಬಾರದು. ಕನೆಕ್ಟಿಂಗ್ ರಾಡಿನ ಮುಚ್ಚಳವೂ ಅದೇ ರಾಡಿನದಾಗಿರಬೇಕು. ಒಂದೇ ಒಂದು ರಾಡ್ ಅಥವಾ ಪಿಸ್ಟನ್ ಬದಲಿಸುವುದಾದರೆ ಉಳಿದವುಗಳ ತೂಕಕ್ಕೆ ಸರಿಯಾಗಿರುವುದನ್ನು ತೂಗಿ ನೋಡಬೇಕು.

ಇ) ಮಾದರಿ ಮತ್ತು ಪಾರ್ಟ್ ನಂಬರ್ ಖಚಿತವಾಗದೆ ಬದಲಿಸಲೇಬಾರದವು: ಕ್ರ್ಯಾಂಕ್ ಶಾಫ್ಟ್, ಕ್ಯಾಮ್ ಶಾಫ್ಟ್, ಸಿಲಿಂಡರ್ ಹೆಡ್, ಹೆಡ್ ಗ್ಯಾಸ್ಕೆಟ್, ಫ್ಲೈವೀಲ್, ಇಂಜೆಕ್ಷನ್ ಪಂಪು, ನಾಜಲ್. ಹೆಡ್ಡಿನ ಬೋಲ್ಟು ತೂತುಗಳು ಸರಿಯಾಗಿ ಕೂತರೂ ನೀರು ಮತ್ತು ಎಣ್ಣೆಯ ದಾರಿಗಳು ಬೇರೆ ಇರಬಹುದು. ಒಂದು ಎಣ್ಣೆಯ ದಾರಿ ಮುಚ್ಚಿಹೋದರೆ ರಾಕರ್ ಭಾಗ ಒಣಗಿ ಸವೆಯುತ್ತದೆ.

ಈ ನಿಯಮಗಳು ಪವರ್ ಟಿಲ್ಲರಿಗೂ ಅನ್ವಯಿಸುತ್ತವೆ. ವಿ.ಎಸ್.ಟಿ. ಕಂಪನಿಯ ಪವರ್ ಟಿಲ್ಲರ್ ಕಾರ್ಖಾನೆ ಮಾಲೂರಿನಲ್ಲೇ ಇದೆ. ಒಂದೇ ಸಿಲಿಂಡರಿನ ಎಂಜಿನ್ ಆದ್ದರಿಂದ ಅಲ್ಲಿ ಒಂದು ತಪ್ಪು ಪಿಸ್ಟನ್ ಎಂದರೆ ಇಡೀ ಎಂಜಿನ್ನೇ ತಪ್ಪಿದಂತೆ.

ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳು

1. ಎಂಜಿನ್ ಬ್ಲಾಕಿನ ಮೇಲೆ ಕೆತ್ತಿರುವ ನಂಬರನ್ನು ಚೊಕ್ಕಟ ಮಾಡಿ ಬರೆದುಕೊಳ್ಳಿ. ಬಾನೆಟ್ಟಿನ ಮೇಲಿನ ಹೆಸರನ್ನು ನಂಬಬೇಡಿ. ಹಳೆಯ ಗಾಡಿಗೆ ಎಂಜಿನ್ನನ್ನೇ ಬದಲಿಸಿರಬಹುದು.

2. ಡೀಲರ್ ಬಳಿ ಇರುವ ಬಿಡಿಭಾಗಗಳ ಪಟ್ಟಿಯನ್ನು ನೋಡಲು ಕೇಳಿ. ಅದರಲ್ಲಿ "ಇಂತಹ ಎಂಜಿನ್ ನಂಬರಿನವರೆಗೆ ಈ ಭಾಗ, ಅಲ್ಲಿಂದ ಮುಂದೆ ಆ ಭಾಗ" ಎಂದು ಬರೆದಿರುತ್ತದೆ. ಹಳೆಯ ಪಾರ್ಟ್ ನಂಬರಿನ ಬದಲು ಹೊಸ ನಂಬರ್ ಬಂದಿದ್ದರೆ, ಹೊಸದು ಹಳೆಯ ಗಾಡಿಗೆ ಆಗುವಂತೆ ಸಾಮಾನ್ಯವಾಗಿ ಮಾಡಿರುತ್ತಾರೆ. ಹಳೆಯದು ಹೊಸ ಗಾಡಿಗೆ ಆಗುತ್ತದೆಂದು ಇದರ ಅರ್ಥವಲ್ಲ.

3. ಹಳೆಯ ಭಾಗವನ್ನು ಎಸೆಯದೆ ಅಂಗಡಿಗೆ ಒಯ್ಯಿರಿ. ಎರಡನ್ನೂ ವರ್ನಿಯರ್ ಮತ್ತು ಮೈಕ್ರೋಮೀಟರಿನಿಂದ ಅಳೆಸಿ. ಕಣ್ಣಂದಾಜು ಸಾಲದು.

4. ಗುಜರಿಯಿಂದ ತಂದ ಹೆಡ್ ಅಥವಾ ಕ್ರ್ಯಾಂಕ್ ಶಾಫ್ಟಿನಲ್ಲಿ ಬಿರುಕು ಇದೆಯೇ, ಮುಖ ಸಮವಾಗಿದೆಯೇ ಎಂದು ಲೇತ್ ವರ್ಕ್‌ಶಾಪಿನಲ್ಲಿ ಪರೀಕ್ಷಿಸಿದ ನಂತರವೇ ಪೂರ್ತಿ ಹಣ ಕೊಡಿ.

5. ಪಿಸ್ಟನ್, ಹೆಡ್ ಅಥವಾ ಗ್ಯಾಸ್ಕೆಟ್ ಬದಲಿಸಿದಾಗ ಸೀಸದ ತಂತಿಯ ಪರೀಕ್ಷೆ ಮಾಡಿಸಿ. ಪಿಸ್ಟನ್ ತಲೆಯ ಮೇಲೆ, ವಾಲ್ವು ತಗಲದ ಜಾಗದಲ್ಲಿ, ಮೆದು ಸೀಸದ ತಂತಿಯ ತುಂಡಿಟ್ಟು, ಗ್ಯಾಸ್ಕೆಟ್ ಸಮೇತ ಹೆಡ್ಡನ್ನು ಸರಿಯಾದ ಬಿಗಿತಕ್ಕೆ ಕೂರಿಸಿ, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಹೆಡ್ ಬಿಚ್ಚಿ, ಚಪ್ಪಟೆಯಾದ ತಂತಿಯ ದಪ್ಪ ಅಳೆಯಬೇಕು. ಪಿಸ್ಟನ್ನಿಗೂ ಹೆಡ್ಡಿಗೂ ಇರುವ ಅಂತರ ಅದೇ. ಇದು ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿನದು, ನಿಮ್ಮ ಎಂಜಿನ್ನಿಗೆ ಎಷ್ಟಿರಬೇಕೆಂಬುದು ಕೈಪಿಡಿಯಲ್ಲಿರುತ್ತದೆ. ಒಮ್ಮೆ ಬಿಗಿದು ಚಪ್ಪಟೆಯಾದ ಗ್ಯಾಸ್ಕೆಟ್ಟನ್ನು ಕೊನೆಯ ಜೋಡಣೆಗೆ ಬಳಸಬಾರದು. ಅದೇ ದಪ್ಪದ ಹೊಸದನ್ನು ಹಾಕಿ.

6. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ನನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲವಂತ ಮಾಡದೆ ಬಿಚ್ಚಿ ನೋಡಿ.

ಹಳೆಯ ಭಾಗ ಏಕೆ ಹಾಳಾಯಿತು?

ಬದಲಿ ಭಾಗ ಹಾಕುವಾಗ ಈ ಪ್ರಶ್ನೆಯನ್ನು ಕೇಳದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ನಮ್ಮ ಭಾಗದಲ್ಲಿ ಎರಡು ಕಾರಣಗಳಿಗೆ ವಿಶೇಷ ಗಮನ ಕೊಡಬೇಕು.

ಒಂದು, ನೀರು. ಆಳದ ಕೊಳವೆ ಬಾವಿಯ ಗಡಸು ನೀರನ್ನೇ ರೇಡಿಯೇಟರಿಗೆ ಹಾಕುವ ರೂಢಿಯಿದೆ. ಇದೇ ನೀರು ಬಚ್ಚಲ ಹಂಡೆಯಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಎಂಜಿನ್ನಿನ ನೀರಿನ ದಾರಿಯಲ್ಲೂ ಅದೇ ಪೊರೆ ಕಟ್ಟಿ, ಕಾವು ಹೊರಹೋಗದೆ, ಗ್ಯಾಸ್ಕೆಟ್ ಸುಡುತ್ತದೆ, ಹೆಡ್ ಬಿರುಕು ಬಿಡುತ್ತದೆ. ಸೋಸಿದ ಮಳೆ ನೀರು ಅಥವಾ ಬ್ಯಾಟರಿಗೆ ಹಾಕುವಂತಹ ಶುದ್ಧ ನೀರಿಗೆ, ಕೈಪಿಡಿಯಲ್ಲಿ ಹೇಳಿದ ಪ್ರಮಾಣದ ಕೂಲೆಂಟ್ ಬೆರೆಸಿ ಬಳಸಿರಿ.

ಎರಡು, ಧೂಳು. ಕೆಮ್ಮಣ್ಣಿನ ಹೊಲದಲ್ಲಿ ರೋಟೋವೇಟರ್ ಹೊಡೆಯುವಾಗ ಏಳುವ ನಯವಾದ ಧೂಳು ಎಂಜಿನ್ನಿನೊಳಕ್ಕೆ ಹೋದರೆ ಲೈನರ್ ಮತ್ತು ರಿಂಗುಗಳನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಎಣ್ಣೆಯ ಏರ್ ಕ್ಲೀನರ್ ಇದ್ದರೆ ಧೂಳಿನ ಕೆಲಸದ ದಿನಗಳಲ್ಲಿ ಪ್ರತಿದಿನ ಅದರ ಎಣ್ಣೆ ನೋಡಬೇಕು. ಬೇರೆ ಮಾದರಿಯ ಏರ್ ಕ್ಲೀನರ್ ಹಾಕಿ ಸಂದಿಗೆ ಬಟ್ಟೆ ಸುತ್ತುವುದು ಎಂಜಿನ್ನಿಗೆ ಮಣ್ಣು ತಿನ್ನಿಸಿದಂತೆಯೇ ಸರಿ.

ಜೀಪಿಗೆ ಟ್ರ್ಯಾಕ್ಟರ್ ಎಂಜಿನ್, ಮತ್ತು ಕಾಗದಪತ್ರ

ತೋಟದ ಕೆಲಸಕ್ಕೆ ಹಳೆಯ ಜೀಪು ಇಟ್ಟುಕೊಂಡ ಕೆಲವರು ಅದಕ್ಕೆ ಬೇರೆ ಡೀಸೆಲ್ ಎಂಜಿನ್ ಕೂರಿಸುವ ಯೋಚನೆ ಮಾಡುವುದುಂಟು. ಟ್ರ್ಯಾಕ್ಟರ್ ಎಂಜಿನ್ ನಿಮಿಷಕ್ಕೆ ಸುಮಾರು 2000 ಸುತ್ತಿನ ಆಸುಪಾಸಿನಲ್ಲಿ ನಿಧಾನವಾಗಿ ಎಳೆಯಲು ತಯಾರಾದದ್ದು. ಜೀಪಿನ ಗೇರುಗಳು ಹೆಚ್ಚು ವೇಗದ ಎಂಜಿನ್ನಿಗೆ ಹೊಂದಿಸಿದವು. ತೂಕ, ಕ್ಲಚ್, ಎಂಜಿನ್ ಕೂರುವ ಜಾಗ ಎಲ್ಲವನ್ನೂ ಮಾರ್ಪಡಿಸಬೇಕಾಗುತ್ತದೆ. ಖರ್ಚು ಲೆಕ್ಕ ಹಾಕಿದರೆ ಲಾಭ ಕಾಣುವುದು ಅಪರೂಪ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯಿದೆ, 1988ರ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವಂತಿಲ್ಲ. ಅನುಮತಿಯುಳ್ಳ ಬದಲಾವಣೆಯನ್ನೂ 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಟ್ರ್ಯಾಕ್ಟರಿನ ಬ್ಲಾಕನ್ನು ಬದಲಿಸಿದರೆ ಎಂಜಿನ್ ನಂಬರೂ ಬದಲಾಗುತ್ತದೆ. ಆದುದರಿಂದ ಕೆಲಸಕ್ಕೆ ಕೈಹಾಕುವ ಮೊದಲೇ ಕೋಲಾರದ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ತಿಳಿಸಿರಿ. ಅಪಘಾತವಾದ ದಿನ ಕಾಗದದ ನಂಬರೂ ಬ್ಲಾಕಿನ ನಂಬರೂ ಬೇರೆ ಇದ್ದರೆ ಪರಿಹಾರಕ್ಕೆ ತೊಡಕಾಗುತ್ತದೆ.

ಜೋಡಿಸಿದ ಮೇಲೆ

ಹೊಸ ಪಿಸ್ಟನ್ ಮತ್ತು ಲೈನರ್ ಹಾಕಿದ ಎಂಜಿನ್ನನ್ನು ಮೊದಲ 50 ಗಂಟೆಗಳ ಕಾಲ ಹಗುರ ಕೆಲಸಕ್ಕೆ ಮಾತ್ರ ಬಳಸಿ, ಅನಂತರ ಕೀಲೆಣ್ಣೆ ಮತ್ತು ಫಿಲ್ಟರ್ ಬದಲಿಸಿರಿ. ಕೈಪಿಡಿ ಹೇಳಿದ್ದರೆ ಹೆಡ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಸಿ. ಹಾಕಿದ ಭಾಗ, ಅದರ ನಂಬರ್, ಅಳತೆ ಮತ್ತು ತಾರೀಖನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಬಿಚ್ಚುವ ಮೆಕ್ಯಾನಿಕ್ ನಿಮ್ಮ ಮಗನ ಕಾಲದವನಾಗಿರಬಹುದು. ಅವನಿಗೆ ಆ ಪುಸ್ತಕವೇ ದಾರಿ ತೋರಿಸುತ್ತದೆ.

ಸರಿಯಾದ ಭಾಗ ಬರುವವರೆಗೆ ಬಿತ್ತನೆ ನಿಲ್ಲುತ್ತದೆಂಬ ಆತಂಕದಿಂದಲೇ ಹೆಚ್ಚಿನ ತಪ್ಪುಗಳಾಗುತ್ತವೆ. ಅಂತಹ ದಿನಗಳಲ್ಲಿ ನೆರೆಯವರ ಟ್ರ್ಯಾಕ್ಟರನ್ನೋ, 2014-15ರಲ್ಲಿ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯಂತಹ ಬಾಡಿಗೆ ಕೇಂದ್ರದ ಯಂತ್ರವನ್ನೋ ಪಡೆದು ಹದ ತಪ್ಪದಂತೆ ಬಿತ್ತನೆ ಮುಗಿಸುವುದು ಜಾಣತನ. ಎರಡು ಮೂರು ದಿನದ ಬಾಡಿಗೆ, ಒಂದು ಬ್ಲಾಕಿನ ಬೆಲೆಯ ಮುಂದೆ ಅಲ್ಪವೇ. ಇನ್ನೂ ಒಳ್ಳೆಯದೆಂದರೆ ಬೇಸಿಗೆಯಲ್ಲೇ, ಮಳೆಗೆ ಎರಡು ತಿಂಗಳು ಮುಂಚೆಯೇ ಎಂಜಿನ್ ಪರೀಕ್ಷಿಸಿ, ಬೇಕಾದ ಭಾಗಗಳ ನಂಬರ್ ಹಿಡಿದು ಹುಡುಕಲು ತೊಡಗುವುದು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಎಂಜಿನ್ನಿಗೂ ಸಲ್ಲುತ್ತದೆ. ಆದುದರಿಂದ ಮುಂದಿನ ಸಲ "ಹಾಕಿದರೆ ಕೂಡುತ್ತದೆ" ಎಂದು ಯಾರಾದರೂ ಹೇಳಿದಾಗ, "ಪಾರ್ಟ್ ನಂಬರ್ ಏನು, ಅಳತೆ ಎಷ್ಟು?" ಎಂದು ಕೇಳಿರಿ. ಉತ್ತರ ಸಿಕ್ಕ ಮೇಲೆ ಸ್ಪ್ಯಾನರ್ ಹಿಡಿಯಿರಿ.